ಪವಾಡ ಮಾಡದ ಸಂತರು

ಕೊಟ್ಟೂರು ತೇರಿಗೆ ನಡೆದು ಬರುವವರನ್ನು ನೋಡುತ್ತಲೇ ಬೆಳೆದವನು ನಾನು. ಗುರು ಕೊಟ್ಟೂರೇಶ್ವರನ ಪವಾಡಗಳನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಣ್ಣಲ್ಲಿ ಉಳಿದದ್ದು ಮಾತ್ರ ಬೊಬ್ಬೆ ಎದ್ದ ಆ ಪಾದಗಳು.

ನಮ್ಮ ಸಿನಿಮಾದ ಸಂತರು ಹೆಚ್ಚಾಗಿ ಪವಾಡದಿಂದಲೇ ಗೆಲ್ಲುತ್ತಾರೆ. 'ಮಂತ್ರಾಲಯ ಮಹಾತ್ಮೆ'ಯ (1966) ರಾಜ್‌ಕುಮಾರ್ ಎದುರು ನಾನೂ ಕೈಮುಗಿದವನೇ. ಆದರೆ ನಂಬಿಕೆ ಸೋತ ದಿನಗಳಲ್ಲಿ ನನ್ನ ಪಕ್ಕ ಕೂತವರು ಎರಡು ಫ್ರೆಂಚ್ ಚಿತ್ರಗಳ ಕ್ಯಾಥೊಲಿಕ್ ಪಾದ್ರಿಗಳು.

ಬ್ರೆಸ್ಸನ್‌ನ 'ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್' (1951) ಚಿತ್ರದ ಎಳೆಯ ಪಾದ್ರಿಗೆ ಹೊಟ್ಟೆನೋವು. ವೈನಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಏನೂ ಒಗ್ಗದು. ಊರವರ ಬಾಯಲ್ಲಿ ಅವನು ಕುಡುಕ. ಪ್ರಾರ್ಥನೆಯೂ ಕೈಗೂಡುತ್ತಿಲ್ಲ. ಅಂಥವನ ಮಾತಿನಿಂದ, ಮಗನನ್ನು ಕಳೆದುಕೊಂಡು ದೇವರ ಮೇಲೆ ಮುನಿದಿದ್ದ ತಾಯೊಬ್ಬಳು ಶಾಂತಳಾಗುತ್ತಾಳೆ. ತನ್ನಲ್ಲೇ ಇಲ್ಲದ ನೆಮ್ಮದಿಯನ್ನು ಕೊಟ್ಟೆನಲ್ಲ ಎಂದು ಅವನಿಗೇ ಬೆರಗು.

ಬೋವುವಾನ 'ಆಫ್ ಗಾಡ್ಸ್ ಅಂಡ್ ಮೆನ್' (2010), 1996ರಲ್ಲಿ ಅಲ್ಜೀರಿಯಾದ ತಿಬಿರಿನ್ ಮಠದಿಂದ ಅಪಹರಣಕ್ಕೊಳಗಾಗಿ ಸತ್ತ ಏಳು ಸನ್ಯಾಸಿಗಳ ಕಥೆ. ಅವರಲ್ಲೂ ಊರು ಬಿಡೋಣ ಎನ್ನುವವರಿದ್ದಾರೆ, ರಾತ್ರಿ ಹೆದರಿ ಅಳುವವರಿದ್ದಾರೆ. ಮುಪ್ಪಿನ ಲ್ಯೂಕ್ ಮಾತ್ರ ಮುಸ್ಲಿಂ ಹಳ್ಳಿಗರಿಗೆ ಔಷಧಿ ಕೊಡುತ್ತಲೇ ಇರುತ್ತಾರೆ. ಇಲ್ಲೇ ಉಳಿಯುವುದೆಂದು ತೀರ್ಮಾನವಾದ ಮೇಲಿನ ಒಂದು ಊಟದ ದೃಶ್ಯದಲ್ಲಿ ಮಾತಿಲ್ಲ. 'ಸ್ವಾನ್ ಲೇಕ್' ಸಂಗೀತದ ನಡುವೆ ಕ್ಯಾಮೆರಾ ಒಂದೊಂದೇ ಮುಖಕ್ಕೆ ಹತ್ತಿರವಾಗುತ್ತದೆ. ಮೊದಲು ನಗು, ಆಮೇಲೆ ಕಣ್ಣೀರು.

ಕನ್ನಡದಲ್ಲಿ ಇವುಗಳ ಜೊತೆ ನಾನು ಇಡುವುದು ನಾಗಾಭರಣರ 'ಸಂತ ಶಿಶುನಾಳ ಶರೀಫ'. ಒಬ್ಬ ಬ್ರಾಹ್ಮಣ ಗುರು ಒಬ್ಬ ಮುಸ್ಲಿಂ ಹುಡುಗನನ್ನು ಶಿಷ್ಯನೆಂದು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಪವಾಡ ಅಲ್ಲಿ ಬೇಕಿಲ್ಲ.

ಮೊದಲು ಬೋವುವಾನ ಚಿತ್ರ ನೋಡಿ. ಬ್ರೆಸ್ಸನ್ ಕೊಂಚ ತಾಳ್ಮೆ ಬೇಡುತ್ತಾನೆ, ಅವನನ್ನು ಒಬ್ಬರೇ ಕೂತು ನೋಡಿ.