ಬಣ್ಣದ ಎಳೆಗಳ ಮೋಹ

ತಲೆಗೆ ಪೆಟ್ಟಾದ ಮಗುವಿನ ಮಿದುಳನ್ನು ಕೆಂಪು, ಹಸಿರು, ನೀಲಿ ಎಳೆಗಳ ಜಾಲವಾಗಿ ತೋರಿಸುವ ಡಿಟಿಐ (ನೀರಿನ ಅಣುಗಳ ಚಲನೆಯನ್ನು ಅಳೆಯುವ ಎಂಆರ್‌ಐ ವಿಧಾನ) ಚಿತ್ರಗಳಿಗೆ ಈಗ ಎಲ್ಲಿಲ್ಲದ ಮರ್ಯಾದೆ. ಸಿಟಿ ಸ್ಕ್ಯಾನಿನಲ್ಲಿ ಕಾಣದ್ದು ಇದರಲ್ಲಿ ಕಾಣುತ್ತದಂತೆ. ಕಾಣುವುದೇನೋ ನಿಜ, ಕಂಡದ್ದೇನು ಎಂಬುದೇ ತಕರಾರು.

ಮತ್ತೆ ಮತ್ತೆ ಉದ್ಧೃತವಾಗುವ ಎಲಿಜಬೆತ್ ವೈಲ್ಡ್ ಮತ್ತು ಸಂಗಡಿಗರ 2008ರ ಅಧ್ಯಯನವನ್ನೇ ನೋಡಿ. ಲಘು ಪೆಟ್ಟಾದ 10 ಹದಿಹರೆಯದವರು, ಹೋಲಿಕೆಗೆ 10 ಮಂದಿ. ಪೆಟ್ಟಾಗಿ ಆರು ದಿನ ಕಳೆಯುವುದರೊಳಗೆ ಸ್ಕ್ಯಾನ್. ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್‌ನಲ್ಲಿ ಎಫ್ಎ, ಅಂದರೆ ನೀರಿನ ಅಣುಗಳು ಒಂದೇ ದಿಕ್ಕು ಹಿಡಿದು ಚಲಿಸುವುದನ್ನು ಸೂಚಿಸುವ ಅಂಕಿ, ಏರಿತ್ತು. ನರತಂತುಗಳು ಊದಿಕೊಂಡಿರಬೇಕೆಂದು ವಿವರಣೆ. ಇರಬಹುದು. ಆದರೆ ತೀವ್ರ ಪೆಟ್ಟಾದ ಮಕ್ಕಳನ್ನು ತಿಂಗಳುಗಳ ಬಳಿಕ ಸ್ಕ್ಯಾನ್ ಮಾಡಿದವರಿಗೆ ಅದೇ ಎಫ್ಎ ಇಳಿದದ್ದು ಕಂಡಿತು, ಅದೂ ಹಾನಿಯೇ! ಹಂತ ಬೇರೆ, ತೀವ್ರತೆ ಬೇರೆ ಎಂಬ ಸಮಜಾಯಿಷಿಯನ್ನು ಒಪ್ಪೋಣ. ಆದರೂ ಏರಿದರೂ ಗೆಲುವು, ಇಳಿದರೂ ಗೆಲುವು ಎನ್ನುವ ಅಳತೆಯ ಮೀಸೆ ಯಾವತ್ತೂ ಮಣ್ಣಾಗುವುದಿಲ್ಲ. ಸಾಲದ್ದಕ್ಕೆ, ಬೆಳೆಯುವ ಮಕ್ಕಳಲ್ಲಿ ಎಫ್ಎ ವಯಸ್ಸಿನೊಂದಿಗೆ ತಾನಾಗಿಯೇ ಏರುತ್ತದೆ. ಯಂತ್ರ ಬದಲಾದರೆ ಅಂಕಿಯೂ ಬದಲು. ಇನ್ನು ಚಿತ್ರದ ಅತಿ ಚಿಕ್ಕ ಘಟಕವಾದ ಎರಡು ಮಿಲಿಮೀಟರಿನ ಒಂದು ವೋಕ್ಸೆಲ್‌ನೊಳಗೆ ಲಕ್ಷಗಟ್ಟಲೆ ತಂತುಗಳು. ಎರಡು ಕಟ್ಟುಗಳು ಅಡ್ಡಹಾಯುವ ಕಡೆ ಆರೋಗ್ಯವಂತ ಮಿದುಳಿನಲ್ಲೂ ಎಫ್ಎ ಕಡಿಮೆ. ಅವುಗಳಲ್ಲೊಂದು ಸತ್ತರೆ ಅಂಕಿ ಏರಲೂಬಹುದು. ಕಾರ್ಪಸ್ ಕಲೋಸಮ್‌ನ ನಡುಭಾಗದಲ್ಲಿ ಈ ತೊಡಕು ಕಡಿಮೆ, ನಿಜ. ಮಿದುಳೆಲ್ಲ ಕಾರ್ಪಸ್ ಕಲೋಸಮ್ ಅಲ್ಲವಲ್ಲ.

ಇಷ್ಟು ಹೇಳಿದೊಡನೆ ಇನ್ನೊಂದು ಬಣ ಬೆನ್ನು ತಟ್ಟಲು ಬರುತ್ತದೆ. ಅವರ ಕೈಯಲ್ಲಿ ಮಕ್ಕಳ ತುರ್ತುಚಿಕಿತ್ಸಾ ಸಂಶೋಧನಾ ಜಾಲವಾದ ಪೆಕಾರ್ನ್‌ನ 2009ರ ಅಧ್ಯಯನ: ತಲೆಗೆ ಪೆಟ್ಟಾದ 42,412 ಮಕ್ಕಳು, ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಸಿಟಿ, ಶಸ್ತ್ರಚಿಕಿತ್ಸೆ ಬೇಕಾದದ್ದು 60 ಮಕ್ಕಳಿಗೆ. ಯಾವ ಮಗುವಿಗೆ ಸಿಟಿಯ ವಿಕಿರಣ ಬೇಡ ಎಂದು ಹೇಳಿಕೊಟ್ಟ ಅದರ ನಿಯಮಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಅದನ್ನೇ ಬೀಸಿ ಎಂಆರ್‌ಐ ಸಂಶೋಧನೆಯನ್ನೆಲ್ಲ ದುಂದು ಎನ್ನುವವರು ಆ ಲೇಖನದ ಪ್ರಶ್ನೆಯನ್ನೇ ಓದಿಲ್ಲ. ಅದು ಕೇಳಿದ್ದು ತುರ್ತಾಗಿ ನೋಡಿಕೊಳ್ಳಬೇಕಾದ ಗಾಯದ ಬಗ್ಗೆ. ಆರು ತಿಂಗಳ ಮೇಲೆ ಲೆಕ್ಕದ ಪಾಠದಲ್ಲಿ ತಡವರಿಸುವ ಹುಡುಗಿ ಅದರ ವಿಷಯವೇ ಅಲ್ಲ.

ಅವಳ ಮಟ್ಟಿಗೆ ನನ್ನ ಒಲವು ರಕ್ತಸ್ರಾವದ ಕಲೆಗಳನ್ನು ತೋರಿಸುವ, ಬಣ್ಣವಿಲ್ಲದ ಎಸ್‌ಡಬ್ಲ್ಯುಐ ಎಂಬ ಎಂಆರ್‌ಐ ವಿಧಾನದ ಕಡೆಗೆ. 2003ರಲ್ಲಿ ಕ್ಯಾರೆನ್ ಟಾಂಗ್ ತಂಡ ಹಳೆಯ ಎಂಆರ್‌ಐ ವಿಧಾನಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು ರಕ್ತಸ್ರಾವದ ಚುಕ್ಕೆಗಳನ್ನು ಇದರಲ್ಲಿ ಗುರುತಿಸಿತು. ನೋಡಿದ್ದು ಬರೀ 7 ಮಂದಿಯನ್ನು, ಹಾಗಾಗಿ ಸಣ್ಣ ಸಂಖ್ಯೆಯ ದೂರು ಇದಕ್ಕೂ ತಟ್ಟುತ್ತದೆ. ರಕ್ತ ಸುರಿಯದ ಗಾಯ ಇದಕ್ಕೆ ಕಾಣುವುದೂ ಇಲ್ಲ. ಆದರೆ ಚುಕ್ಕೆ ಹೆಚ್ಚಿದ್ದರೆ ಗಾಯ ಕಡಿಮೆ ಎಂದು ವಾದಿಸುವವರನ್ನು ನಾನಿನ್ನೂ ಕಂಡಿಲ್ಲ.