‘ಮಾಡರ್ನ್ ಟೈಮ್ಸ್’ ಮತ್ತು ನಮ್ಮೂರ ಗಿರಣಿ ಮಂದಿ

ಹೋದ ಶ್ರಾವಣದಲ್ಲಿ ನಮ್ಮ ವಾಚನಾಲಯದ ಗೋಡೆಗೆ ಬಿಳಿ ಧೋತರ ಕಟ್ಟಿ ಒಂದು ಹಳೆಯ ಚಿತ್ರ ತೋರಿಸಿದೆವು. ಚಾರ್ಲಿ ಚಾಪ್ಲಿನ್ನನ ‘ಮಾಡರ್ನ್ ಟೈಮ್ಸ್’, 1936ರಲ್ಲಿ ಬಂದದ್ದು. ಅದರಲ್ಲಿ ಮಾತು ಬಹಳ ಕಡಿಮೆ. ಹೀಗಾಗಿ ಕನ್ನಡವೋ ಮರಾಠಿಯೋ ಎಂಬ ತಕರಾರಿರಲಿಲ್ಲ. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ನಾನೇ ಓದಿ ಅರ್ಥ ಹೇಳುತ್ತಿದ್ದೆ. ಬಂದವರಲ್ಲಿ ಮಕ್ಕಳೇ ಹೆಚ್ಚು. ಸೋಲಾಪುರದ ಗಿರಣಿಯಲ್ಲಿ ದುಡಿದು ಊರಿಗೆ ಮರಳಿದ ನಾಲ್ಕು ಮಂದಿ ಹಿರಿಯರೂ ಹಿಂದೆ ಗೋಡೆಗೆ ಆತು ಕೂತಿದ್ದರು. ಈ ಚಿತ್ರದ ಬಗ್ಗೆ ನನಗಿದ್ದ ತಿಳಿವಳಿಕೆ ಆ ರಾತ್ರಿ ಬದಲಾಯಿತು.

ಚಿತ್ರ ಗಡಿಯಾರದಿಂದ ಶುರುವಾಗುತ್ತದೆ. ಆಮೇಲೆ ಒಂದು ಕುರಿಹಿಂಡು, ಅದರ ಬೆನ್ನಿಗೇ ಕಾರ್ಖಾನೆಗೆ ಹೊರಟ ಜನರ ಹಿಂಡು. ಚಾರ್ಲಿಯ ಕೆಲಸ ಒಂದೇ, ಮುಂದೆ ಸಾಗುವ ಪಟ್ಟಿಯ ಮೇಲಿನ ನಟ್ಟು ಬಿಗಿಯುವುದು. ಮೂಗು ತುರಿಸಿದರೆ ಕೆಲಸ ತಪ್ಪಿತು. ಮಾಲೀಕ ಕೂತಲ್ಲಿಂದಲೇ ಪಟ್ಟಿಯ ಓಟ ಹೆಚ್ಚಿಸುತ್ತಾನೆ. ಊಟದ ಹೊತ್ತು ಉಳಿಸಲಿಕ್ಕೆ ತುತ್ತು ಉಣಿಸುವ ಯಂತ್ರವನ್ನೂ ತರಿಸುತ್ತಾನೆ. ಕೊನೆಗೆ ಚಾರ್ಲಿ ಯಂತ್ರದ ಹಲ್ಲುಗಾಲಿಗಳ ನಡುವೆಯೇ ಹೊಕ್ಕು ಹೋಗುತ್ತಾನೆ.

ನಾವು ಮಾಸ್ತರರು ಈ ಚಿತ್ರವನ್ನು ಹೊಗಳುವುದು ಇಷ್ಟರ ಮೇಲೆಯೇ. ‘ಯಂತ್ರ ಮನುಷ್ಯನನ್ನು ನುಂಗಿತು’ ಎಂದು ಹೇಳಿ ಮುಗಿಸುತ್ತೇವೆ. ಹೊಗಳಿಕೆ ಸುಳ್ಳಲ್ಲ. 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಎಂಬಲ್ಲಿ ಆರ್ಕ್‌ರೈಟ್ ನೀರಿನ ಬಲದಿಂದ ನೂಲುವ ಗಿರಣಿ ಕಟ್ಟಿಸಿದ. ಅಂದಿನಿಂದ ಹೊಸದಾದದ್ದು ಯಂತ್ರ ಒಂದೇ ಅಲ್ಲ, ಹೊತ್ತಿನ ಲೆಕ್ಕವೂ ಹೊಸದಾಯಿತು. ಮನೆಯಲ್ಲಿ ನೂಲುವವಳು ಬೇಸರವಾದರೆ ಎದ್ದು ಹೋಗಬಹುದಿತ್ತು, ಗಿರಣಿಯಲ್ಲಿ ಏಳುವಂತಿರಲಿಲ್ಲ. 1913ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಯಲ್ಲಿ ಸಾಗುವ ಸಾಲು ಹಾಕಿಸಿದ. ಸುಮಾರು ಹನ್ನೆರಡೂವರೆ ತಾಸು ಹಿಡಿಯುತ್ತಿದ್ದ ಜೋಡಣೆಯ ಕೆಲಸ ಒಂದೂವರೆ ತಾಸಿಗೆ ಇಳಿಯಿತು. ಚಾಪ್ಲಿನ್ 1923ರಲ್ಲಿ ಫೋರ್ಡನ ಕಾರ್ಖಾನೆಯನ್ನು ಕಣ್ಣಾರೆ ಕಂಡು ಬಂದವನು. ಚಿತ್ರದ ಮೊದಲ ಭಾಗ ಸಾಲಿನ ಈ ಓಟದ ಮೇಲೆಯೇ ನಿಂತಿದೆ.

ಚಾರ್ಲಿ ಸಂಡಾಸಿನಲ್ಲಿ ಸಿಗರೇಟು ಸೇದುವಾಗ ಅಲ್ಲಿಯೂ ಗೋಡೆಯ ಮೇಲೆ ಮಾಲೀಕನ ಮುಖ ಮೂಡಿ ಬೈಯುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಗಿರಣಿ ಕಾಕಾ ಅಂದರು: “ಇದು ಖರೇ ಐತ್ರಿ ಮಾಸ್ತರ್ರ. ನಮ್ಮಲ್ಲಿ ಗ್ವಾಡಿ ಮ್ಯಾಲ ಮಾರಿ ಬರತಿದ್ದಿಲ್ಲ, ಜಾಬರ್ ಬಂದು ಬಾಗಿಲಾ ಬಡೀತಿದ್ದ.”

ಆದರೆ ಚಿತ್ರದ ಎರಡನೆಯ ಭಾಗಕ್ಕೆ ಬಂದಾಗ ಹಿರಿಯರ ನಗು ನಿಂತಿತು. ಕಾರ್ಖಾನೆಗಳು ಮುಚ್ಚಿವೆ, ಜನಕ್ಕೆ ಕೆಲಸವಿಲ್ಲ. ಒಬ್ಬ ಹುಡುಗಿ ತಂಗಿಯರಿಗಾಗಿ ಬಾಳೆಹಣ್ಣು ಕದಿಯುತ್ತಾಳೆ, ಕೆಲಸವಿಲ್ಲದ ಅವಳ ತಂದೆ ಬೀದಿಯ ಗಲಾಟೆಯಲ್ಲಿ ಗುಂಡಿಗೆ ಬೀಳುತ್ತಾನೆ. ಚಾರ್ಲಿ ಜೈಲಿನಿಂದ ಬಿಡುಗಡೆಯಾದಾಗ ಇನ್ನಷ್ಟು ದಿನ ಇಲ್ಲೇ ಇರಲೇ ಎಂದು ಕೇಳುತ್ತಾನೆ. ಅಂಗಡಿಗೆ ಕನ್ನ ಹಾಕಲು ಬಂದ ಕಳ್ಳ ನೋಡಿದರೆ ಅವನದೇ ಹಳೆಯ ಜೊತೆಗಾರ, ಹಸಿದು ಬಂದವನು. ಒಂದು ದಿನ ಕಾರ್ಖಾನೆ ಮತ್ತೆ ಶುರುವಾಗುತ್ತದೆಂದು ಪತ್ರಿಕೆಯಲ್ಲಿ ಬರುತ್ತದೆ. ಯಂತ್ರದಿಂದ ತಲೆ ಕೆಟ್ಟು ಆಸ್ಪತ್ರೆ ಸೇರಿದ್ದ ಅದೇ ಮನುಷ್ಯ ಓಡುತ್ತಾನೆ, ಗುಂಪಿನಲ್ಲಿ ನುಗ್ಗಿ, ಗೇಟು ಮುಚ್ಚುವ ಮೊದಲು ಒಳಗೆ ಸೇರಿಬಿಡುತ್ತಾನೆ.

ಮಕ್ಕಳು ಅದಕ್ಕೂ ನಕ್ಕರು. ಕಾಕಾ ಮೆಲ್ಲಗೆ ಅಂದರು: “ಗಿರಣಿ ನಡದಾಗ ನಮ್ಮ ಕಿವಿ ಹ್ವಾದೂವ್ರಿ. ಗಿರಣಿ ಬಂದ್ ಆದಾಗ ಮನೀನ ಹ್ವಾತು.”

ಚಿತ್ರದ ತಿರುಳು ಇಲ್ಲಿದೆ ಎಂದು ನನಗೆ ಆಗ ಹೊಳೆಯಿತು. ಇದು ಯಂತ್ರವನ್ನು ಬೈಯುವ ಚಿತ್ರವಲ್ಲ. ಒಳಗಿದ್ದರೆ ದೇಹ ಸವೆಯುತ್ತದೆ, ಹೊರಗಿದ್ದರೆ ಹೊಟ್ಟೆ ಸುಡುತ್ತದೆ, ಗೇಟಿನ ಕೀಲಿಯಂತೂ ದುಡಿಯುವವನ ಕೈಯಲ್ಲಿಲ್ಲ. ಚಾಪ್ಲಿನ್ ಹೇಳುತ್ತಿರುವುದು ಕೀಲಿಯ ಕಥೆ. ಲಂಡನ್ನಿನಲ್ಲಿ ಬಡತನದಲ್ಲಿ ಬೆಳೆದು, ಏಳು ವರ್ಷಕ್ಕೇ ಅನಾಥರ, ಬಡವರ ಆಶ್ರಯಶಾಲೆ ಕಂಡವನಿಗೆ ಅದು ಗೊತ್ತಿತ್ತು. 1931ರಲ್ಲಿ ಅವನು ಅದೇ ಲಂಡನ್ನಿನಲ್ಲಿ ಗಾಂಧೀಜಿಯನ್ನು ಕಂಡಾಗ ಕೇಳಿದ್ದೂ ಯಂತ್ರದ ಮಾತನ್ನೇ.

ಸೋಲಾಪುರಕ್ಕೆ 1860ರಲ್ಲಿ ರೈಲು ಬಂತು, 1870ರ ದಶಕದಲ್ಲಿ ಮೊದಲ ಬಟ್ಟೆ ಗಿರಣಿ ಬಂತು. ಅದೇ ದಶಕದಲ್ಲಿ, 1876ರಿಂದ 1878ರ ತನಕ, ನಮ್ಮ ಸೀಮೆಗೆಲ್ಲ ದೊಡ್ಡ ಬರ. ತೆಲುಗು ನೇಕಾರರು ಬಂದರು, ಮರಾಠಿ ರೈತರು ಬಂದರು, ಅಕ್ಕಲಕೋಟೆ ಕಡೆಯ ನಮ್ಮ ಕನ್ನಡ ಮಂದಿಯೂ ಬಂದರು. ಯಂತ್ರದ ಮೇಲಿನ ಪ್ರೀತಿಯಿಂದ ಬಂದವರು ಯಾರೂ ಇಲ್ಲ. ಮಳೆ ನಂಬುವಂತಿರಲಿಲ್ಲ, ಗಿರಣಿಯ ಭೋಂಗಾ ದಿನಾ ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು. ತಿಂಗಳಿಗೊಮ್ಮೆ ಪಗಾರ ಕೈಗೆ ಬೀಳುತ್ತಿತ್ತು.

ಚಿತ್ರದಲ್ಲಿ ನನಗೆ ಎರಡು ಕೊರತೆ ಕಾಣುತ್ತವೆ. ಒಂದು, ಚಾರ್ಲಿ ಮೆರವಣಿಗೆಯ ಮುಂದಾಳಾಗುವುದು ಬರೀ ಆಕಸ್ಮಿಕ. ಲಾರಿಯಿಂದ ಬಿದ್ದ ಬಾವುಟವನ್ನು ಮರಳಿ ಕೊಡಲು ಎತ್ತಿ ಹಿಡಿದರೆ ಹಿಂದಿನಿಂದ ಮಂದಿ ಬರುತ್ತಾರೆ, ಪೊಲೀಸರು ಇವನನ್ನು ಹಿಡಿಯುತ್ತಾರೆ. ಕೊನೆಯಲ್ಲಿ ಮುಷ್ಕರ ಬರುವುದೂ ಹಾಗೆಯೇ, ಸಿಕ್ಕ ಕೆಲಸ ಕಳೆಯುವ ಒಂದು ಕಿರಿಕಿರಿಯಂತೆ. ದುಡಿಯುವವರು ತಿಳಿದೇ ಬೀದಿಗೆ ಇಳಿಯುತ್ತಾರೆಂಬುದು ಚಿತ್ರದಲ್ಲಿ ಇಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನವಾದಾಗ ಸೋಲಾಪುರದ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಿದ್ದರು. ಊರಿನ ಮೇಲೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅಂದು ಬೀದಿಗೆ ಬಂದ ಸಾವಿರಾರು ಮಂದಿಯ ಕೈಗೆ ಬಾವುಟ ಆಕಸ್ಮಿಕವಾಗಿ ಬಂದದ್ದಲ್ಲ.

ಇನ್ನೊಂದು ಕೊರತೆ ಹೆಂಗಸರದು. ಚಿತ್ರದ ಕಾರ್ಖಾನೆಯ ಸಾಲಿನಲ್ಲಿ ಹೆಣ್ಣಾಳಿಲ್ಲ. ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವರು ಹೆಂಗಸರು. ಗಂಡನ ಪಗಾರ ನಿಂತಾಗ ಸೋಲಾಪುರದ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಡತಿ ಕಟ್ಟಿದ ಬೀಡಿಯಿಂದ.

ಚಾಪ್ಲಿನ್ನನ ತಪ್ಪು ಎಣಿಸಿದ ಮೇಲೆ ನನ್ನದನ್ನೂ ಹೇಳಬೇಕು. ಮೂವತ್ತು ವರ್ಷ ನಾನು ಔದ್ಯೋಗಿಕ ಕ್ರಾಂತಿಯ ಪಾಠ ಮಾಡಿದ್ದೇನೆ. ನೂಲುವ ಜೆನ್ನಿ ಯಾರು ಕಂಡುಹಿಡಿದರು? ಹಾರ್‌ಗ್ರೀವ್ಸ್. ಉಗಿಯಂತ್ರ ಸುಧಾರಿಸಿದವರು ಯಾರು? ವಾಟ್. ಒಂದೊಂದಕ್ಕೆ ಒಂದೊಂದು ಅಂಕ. ಗಿರಣಿ ಬಂದಾದ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಒಬ್ಬ ಹುಡುಗ ಸಾಲಿಗೆ ಬರಲಿಲ್ಲ. ಕೆಲವು ದಿನ ಗೈರುಹಾಜರಿ ಹಾಕಿದೆ, ಆಮೇಲೆ ಹೆಸರು ತೆಗೆದೆ. ಎಲ್ಲಿ ಹೋದ ಅಂತ ಕೇಳಲಿಲ್ಲ. ಪವರ್‌ಲೂಮಿನಲ್ಲಿ ಕೆಲಸಕ್ಕೆ ಸೇರಿದ್ದನಂತೆ. ಆ ಹುಡುಗ ಗಿರಣಿ ಕಾಕಾನ ಮಗ. ಅವನ ಮನೆಯಲ್ಲೇ ಆ ಪಾಠ ನಡೆದಿತ್ತು, ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ.

ಚಿತ್ರದ ಕೊನೆಯಲ್ಲಿ ಚಾರ್ಲಿ ಮತ್ತು ಹುಡುಗಿ ಬೆಳಗಿನ ಹೊತ್ತು ಬಯಲ ರಸ್ತೆಯಲ್ಲಿ ಕೈ ಹಿಡಿದು ನಡೆಯುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿದರು. ಕಾಕಾ ಕೇಳಿದರು: “ಎಲ್ಲಿಗಿ ಹೊಂಟಾರ್ರಿ ಇವ್ರು? ನಮಗ ತಿರುಗಿ ಬರಾಕ ಊರಾರ ಇತ್ತು. ಎರಡೆಕರೆ ಹೊಲ ಇತ್ತು. ಇವರಿಗೇನೈತಿ?”

ಇಂಗ್ಲೆಂಡಿನ ದುಡಿಯುವವರಿಗೂ ನಮ್ಮವರಿಗೂ ಇದ್ದ ದೊಡ್ಡ ಅಂತರ ಅದು. ಅಲ್ಲಿ ಊರಿನ ಹುಲ್ಲುಗಾವಲಿಗೆ ಬೇಲಿ ಬಿದ್ದು ಎಷ್ಟೋ ಮಂದಿಗೆ ಹಿಂದೆ ಹೋಗುವ ದಾರಿ ಉಳಿಯಲಿಲ್ಲ. ನಮ್ಮವರು ಒಂದು ಕಾಲು ಹೊಲದಲ್ಲಿಟ್ಟೇ ಗಿರಣಿಗೆ ಹೋದರು. ಪಠ್ಯದಲ್ಲಿ ನಾನು ಇದನ್ನು ಓದಿದ್ದೆ, ಆದರೆ ಅರ್ಥವಾದದ್ದು ಕಾಕಾ ಕೇಳಿದಾಗ.

ಮಾಸ್ತರ ಗೆಳೆಯರಿಗೆ ಒಂದು ಮಾತು. ಈ ಚಿತ್ರ ತೋರಿಸಿರಿ, ಆದರೆ ಹಲ್ಲುಗಾಲಿಯ ದೃಶ್ಯಕ್ಕೆ ನಿಲ್ಲಿಸಬೇಡಿರಿ. ಪೂರ್ತಿ ತೋರಿಸಿರಿ. ಮುಗಿದ ಮೇಲೆ, ನಿಮ್ಮ ಮನೆಯಲ್ಲಿ ಗಿರಣಿಗೆ ಹೋದವರು ಯಾರು, ಅದು ಬಂದಾದಾಗ ಏನಾಯಿತು ಎಂದು ಮಕ್ಕಳನ್ನು ಕೇಳಿರಿ. ಹಿಂದೆ ಗೋಡೆಗೆ ಆತು ಕೂತವರಿಗೂ ಮಾತಾಡಲು ಹೊತ್ತು ಕೊಡಿರಿ.