ಗಣಕಯಂತ್ರವೂ ವಚನಾಂಕಿತವೂ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸರಕನ್ನು ಎಣಿಸುವುದು ಬೇರೆ, ಅದರ ಬೆಲೆಯನ್ನರಿಯುವುದು ಬೇರೆ. ಎಣಿಕೆ ತಪ್ಪಿದರೆ ವ್ಯಾಪಾರ ಕೆಡುತ್ತದೆ. ಎಣಿಕೆಯೊಂದರಿಂದಲೇ ಬೆಲೆ ತಿಳಿಯುವುದೂ ಇಲ್ಲ. ಗಣಕಯಂತ್ರದ ನೆರವಿನಿಂದ ಭಾಷೆಯನ್ನು ಅಭ್ಯಸಿಸುವ ಸಂಶೋಧಕರು ವಚನ ವಾಙ್ಮಯಕ್ಕೆ ಕೈಯಿಕ್ಕುವಾಗ ಈ ಭೇದವನ್ನು ನೆನಪಿನಲ್ಲಿಡುವುದು ಅವಶ್ಯ.

ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇದೇ ಪರಂಪರೆಯ ಮುಂದುವರಿಕೆಯೆಂಬಂತೆ ಓ. ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್ ಮೊದಲಾದವರ ಶ್ರಮದಿಂದ ‘ವಚನ ಸಂಚಯ’ ರೂಪುಗೊಂಡಿತು. ಒಂದು ಶಬ್ದವು ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ಅದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಹಿಂದೆ ಇಂಥ ಪದಸೂಚಿಗೆ ವರ್ಷಗಳ ದುಡಿಮೆ ಬೇಕಾಗಿತ್ತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯೇ ಸರಿ.

ಆದರೆ ಕನ್ನಡದಲ್ಲಿ ಪ್ರಕೃತಿಯೊಂದು ಪ್ರತ್ಯಯ, ಸಂಧಿಗಳಿಂದ ಹಲವು ರೂಪಗಳನ್ನು ತಾಳುತ್ತದೆ. ‘ಬಯಲು’, ‘ಬಯಲಲ್ಲಿ’, ‘ಬಯಲಾಯಿತ್ತು’ ಇವುಗಳ ಮೂಲ ಒಂದೇ ಎಂಬುದು ವ್ಯಾಕರಣವನ್ನು ಕಲಿಯದ ಯಂತ್ರಕ್ಕೆ ಹೊಳೆಯದು. ಹೊಳೆದ ಮೇಲೂ ಲೋಕರೂಢಿಯ ಬಯಲಾವುದು, ಅಲ್ಲಮಪ್ರಭುವಿನ ನಿರಾಕಾರ ಬಯಲಾವುದು ಎಂಬುದು ಎಣಿಕೆಯಿಂದ ತೀರ್ಮಾನವಾಗದು.

ಇದಕ್ಕಿಂತ ಸೂಕ್ಷ್ಮವಾದುದು ಅಂಕಿತದ ಪ್ರಶ್ನೆ. ಅಂಕಿತವನ್ನು ಬೇರ್ಪಡಿಸದೆ ಪದಗಳನ್ನೆಣಿಸಿದರೆ ಬಸವಣ್ಣನವರ ಮುಖ್ಯ ವಿಷಯವೇ ‘ಸಂಗಮ’ವೆಂಬ ವಿಪರೀತ ಫಲ ದೊರೆಯುತ್ತದೆ. ವಚನದ ಶೈಲಿಯಿಂದ ಕರ್ತೃವನ್ನು ಗುರುತಿಸಲು ಯಂತ್ರಕ್ಕೆ ಕಲಿಸುವಾಗ ಅಂಕಿತವನ್ನು ಉಳಿಸಿಕೊಂಡರೆ, ಅದು ಶೈಲಿಯನ್ನು ಕಲಿಯುವುದೇ ಇಲ್ಲ. ಪುಸ್ತಕದ ಕೊನೆಯಲ್ಲಿರುವ ಉತ್ತರವನ್ನು ನೋಡಿ ಲೆಕ್ಕ ಬಿಡಿಸಿದ ವಿದ್ಯಾರ್ಥಿಯಂತೆ ಸರಿಯುತ್ತರವನ್ನೊಪ್ಪಿಸುತ್ತದೆ. ಅಂಕಿತವು ಸಂದಿಗ್ಧವಾಗಿರುವ ವಚನ ಎದುರಾದಾಗಲೇ, ಅಂದರೆ ನೆರವು ನಿಜವಾಗಿ ಬೇಕಾದಾಗಲೇ, ಅದು ಸೋಲುತ್ತದೆ.

ಹಾಗೆಂದು ಅಂಕಿತವನ್ನು ತೆಗೆದುಹಾಕಿದರೆ ಉಳಿಯುವುದು ಪೂರ್ಣ ವಚನವಲ್ಲ. ಅಂಕಿತವು ಬರಿಯ ಸಹಿಯಲ್ಲ; ವಚನಕಾರನು ಯಾರ ಸನ್ನಿಧಿಯಲ್ಲಿ ನಿಂತು ನುಡಿಯುತ್ತಿರುವನೋ ಆ ದೈವವೂ ಅದೇ. ಬಸವಣ್ಣನವರ ಅಂಕಿತವನ್ನು ಬದಲಿಸಿದ್ದ ‘ಬಸವ ವಚನ ದೀಪ್ತಿ’ಯನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡುದೂ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿದುದೂ ಒಂದು ಅಂಕಿತದ ಭಾರವೆಷ್ಟೆಂಬುದನ್ನು ತೋರಿಸುತ್ತವೆ.

ಆದುದರಿಂದ ಎಣಿಸುವಾಗ ಅಂಕಿತವನ್ನು ಬದಿಗಿಡಬೇಕು, ಅರ್ಥೈಸುವಾಗ ಮರಳಿ ಅದರ ಸ್ಥಾನದಲ್ಲಿರಿಸಬೇಕು. ಎಲ್ಲಿ ಬದಿಗಿಟ್ಟರು, ಎಲ್ಲಿ ಮರಳಿಸಿದರು ಎಂಬುದನ್ನು ಸಂಶೋಧಕರು ಓದುಗರಿಗೆ ಸ್ಪಷ್ಟಪಡಿಸಬೇಕು. ಈ ವಿವೇಕವನ್ನು ಯಂತ್ರಕ್ಕೆ ಕೊಡಬಲ್ಲವರು ವಚನಗಳನ್ನು ಬಲ್ಲವರೇ. ಅವರು ದೂರ ನಿಂತರೆ ಬರುವ ದೋಷಕ್ಕೆ ಯಂತ್ರವೊಂದೇ ಹೊಣೆಯಾಗದು.